"ನಮ್ಮ ಮನೇಲಿ ಎಲ್ಲರ ಹಲ್ಲೂ ಹೀಗೇ": ಮಕ್ಕಳ ಹುಳುಕು ಮತ್ತು ವಸಡಿನ ಕಾಯಿಲೆಯಲ್ಲಿ ವಂಶದ ಪಾಲೆಷ್ಟು?

ಮೂರು ವರ್ಷದ ಮಗುವಿನ ಮುಂದಿನ ನಾಲ್ಕು ಹಲ್ಲೂ ಕಪ್ಪಾಗಿ ಸವೆದುಹೋಗಿವೆ. ಡಾಕ್ಟ್ರು ಏನಾದರೂ ಕೇಳುವ ಮೊದಲೇ ಜೊತೆಗೆ ಬಂದ ಅಜ್ಜಿ ಹೇಳಿಬಿಡುತ್ತಾರೆ: "ನಮ್ಮ ಮನೇಲಿ ಎಲ್ಲರ ಹಲ್ಲೂ ಹೀಗೇ ಸಾರ್. ಇವರಪ್ಪಂಗೂ ಹೀಗೇ ಇತ್ತು." ಹಲ್ಲಿನ ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುವ ಮಾತಿದು.

ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅಪ್ಪನ ಹಲ್ಲು ಹಾಳಾಗಿತ್ತು, ಮಗನದ್ದೂ ಹಾಳಾಗಿದೆ. ಆದರೆ ಅದರ ಬೆನ್ನಿಗೇ ಬರುವ ತೀರ್ಮಾನ ಇದೆಯಲ್ಲ, "ವಂಶದಲ್ಲೇ ಇದೆ, ಏನು ಮಾಡಿದ್ರೂ ಅಷ್ಟೇ" ಅನ್ನುವುದು, ಅದು ಬಹುಪಾಲು ಮಕ್ಕಳ ವಿಷಯದಲ್ಲಿ ತಪ್ಪು. ಕೆಲವೇ ಕೆಲವು ಮಕ್ಕಳ ವಿಷಯದಲ್ಲಿ ಮಾತ್ರ ಕಾಯಿಲೆ ನಿಜವಾಗಿಯೂ ಜೀನ್‌ನಲ್ಲೇ ಇರುತ್ತದೆ. ಬೇಸರದ ಸಂಗತಿ ಅಂದರೆ, ಈ ಎರಡು ಗುಂಪನ್ನೂ ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತೇವೆ. ಹಾಗಾಗಿ ಮೊದಲ ಗುಂಪಿನ ಮಕ್ಕಳಿಗೆ ಸಿಗಬೇಕಾದ ಆರೈಕೆ ಸಿಗುವುದಿಲ್ಲ. ಎರಡನೇ ಗುಂಪಿನವರ ಕಾಯಿಲೆ ಪತ್ತೆಯೇ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 51.4 ಕೋಟಿ ಮಕ್ಕಳ ಹಾಲುಹಲ್ಲು ಹುಳುಕಾಗಿದೆ. ಇಷ್ಟು ದೊಡ್ಡ ಸಂಖ್ಯೆಗೆ ಕೆಟ್ಟ ಜೀನ್ ಒಂದೇ ಕಾರಣ ಆಗಿರಲು ಸಾಧ್ಯವಿಲ್ಲ.

ಮನೆಯಿಂದ ಮಗುವಿಗೆ ಬರುವುದು ಬರೀ ಜೀನ್ ಅಲ್ಲ

ಹಲ್ಲು ಹುಳುಕಾಗುವುದು ಹೇಗೆ ಅಂತ ಮೊದಲು ನೋಡೋಣ. ಹಲ್ಲಿನ ಮೇಲೆ ಅಂಟಿಕೊಳ್ಳುವ ತೆಳುವಾದ ಲೋಳೆಯ ಪದರದಲ್ಲಿ, ಅಂದರೆ ಪ್ಲಾಕ್‌ನಲ್ಲಿ, ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಇರುತ್ತವೆ. ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್‌ನಂಥ ಕೆಲವು ಜಾತಿಗಳು ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪ್ಲಾಕ್‌ನ ಪಿಎಚ್ ಕುಸಿಯುತ್ತದೆ (ಈ ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ). ಅದು ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಹಲ್ಲಿನ ಗಟ್ಟಿ ಹೊರಪದರದ, ಅಂದರೆ ಎನಾಮೆಲ್‌ನ, ಖನಿಜ ಕರಗಲು ಶುರು. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಮ್ಲವನ್ನು ತಣಿಸುವುದು, ಕರಗಿದ ಖನಿಜವನ್ನು ಒಂದಿಷ್ಟು ವಾಪಸ್ ತುಂಬುವುದು ಎಂಜಲಿನ ಕೆಲಸ. ದಿನಕ್ಕೆ ಮೂರು ಹೊತ್ತು ತಿಂದರೆ ಎಂಜಲಿಗೆ ಸಮಯ ಸಿಗುತ್ತದೆ. ಗಂಟೆಗೊಂದು ಬಿಸ್ಕತ್ತು, ನಡುವೆ ಜ್ಯೂಸು, ರಾತ್ರಿ ಬಾಯಲ್ಲೇ ಸಕ್ಕರೆ ಹಾಲಿನ ಬಾಟಲಿ ಅಂದರೆ ಸಮಯವೇ ಸಿಗುವುದಿಲ್ಲ. ನಿದ್ದೆಯಲ್ಲಿ ಎಂಜಲು ಊರುವುದೂ ತೀರಾ ಕಡಿಮೆ.

ಇದರಲ್ಲಿ ಮನೆಯಿಂದ ಮಗುವಿಗೆ ಬಂದದ್ದು ಯಾವುದು? ಜೀನ್ ಬಂದಿದೆ, ನಿಜ. ಬ್ಯಾಕ್ಟೀರಿಯಾ ಕೂಡ ಮನೆಯಿಂದಲೇ ಬಂದಿದೆ. ಹುಟ್ಟಿದ ಮಗುವಿನ ಬಾಯಲ್ಲಿ ಮ್ಯೂಟನ್ಸ್ ಇರುವುದಿಲ್ಲ. ಹಲ್ಲು ಬಂದ ಮೇಲೆ ಹತ್ತಿರದವರ ಎಂಜಲಿನಿಂದ ಬಂದು ಸೇರುತ್ತದೆ. ಎಷ್ಟೋ ಮಕ್ಕಳ ಬಾಯಲ್ಲಿ ಸಿಗುವ ತಳಿ ಮತ್ತು ಅವರ ಅಮ್ಮನ ಬಾಯಲ್ಲಿ ಸಿಗುವ ತಳಿ ಒಂದೇ ಆಗಿರುತ್ತದೆ. ಇನ್ನು ಮೂರನೆಯದು ಅಡುಗೆಮನೆ. ಟೀಗೆ ಎಷ್ಟು ಸಕ್ಕರೆ, ಅಳುವ ಮಗುವಿನ ಕೈಗೆ ಏನು ಕೊಡುತ್ತೇವೆ, ಮಲಗುವ ಮುಂಚೆ ಹಲ್ಲುಜ್ಜುವ ರೂಢಿ ಇದೆಯಾ ಇಲ್ವಾ, ಎಲ್ಲವೂ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗುವಿಗೆ ಹರಿದುಬರುತ್ತದೆ.

ನಮ್ಮ ರಾಜ್ಯದಲ್ಲಿ ನಾಲ್ಕನೆಯದೊಂದು ಇದೆ, ಅದು ಕೊಳವೆಬಾವಿ. ಪಾವಗಡ, ಮುಂಡರಗಿ, ಕೋಲಾರದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ತಾತ, ಮಗ, ಮೊಮ್ಮಗ ಮೂವರ ಹಲ್ಲಿನ ಮೇಲೂ ಒಂದೇ ಥರದ ಕಂದು ಕಲೆ. ನೋಡಿದವರು ವಂಶದ ಗುರುತು ಅಂದುಕೊಳ್ಳುತ್ತಾರೆ. ಅದು ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದರಿಂದ ಬರುವ ಫ್ಲೋರೋಸಿಸ್. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ವರ್ಷಗಳಲ್ಲಿ ಆ ನೀರು ಕುಡಿದ ಮಕ್ಕಳಿಗೆಲ್ಲ ಕಲೆ ಬರಬಹುದು. ಪಕ್ಕದ ಮನೆಯ, ಬೇರೆ ಜಾತಿಯ, ಯಾವ ಸಂಬಂಧವೂ ಇಲ್ಲದ ಮಗುವಿಗೂ ಬಂದಿರುತ್ತದೆ. ಅದೊಂದನ್ನು ಗಮನಿಸಿದರೆ ಸಾಕು, ವಂಶವಾ ನೀರಾ ಅನ್ನುವುದು ಗೊತ್ತಾಗಿಬಿಡುತ್ತದೆ.

ಹಾಗಾದರೆ ಜೀನ್ ಏನು ಮಾಡುತ್ತದೆ?

ಎನಾಮೆಲ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ. 96ರಷ್ಟು ಖನಿಜ. ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಇದನ್ನು ಕಟ್ಟುವ ಜೀವಕೋಶಗಳಿಗೆ ಅಮೆಲೋಬ್ಲಾಸ್ಟ್ ಅಂತ ಹೆಸರು. ಅವು ಮೊದಲು ಪ್ರೋಟೀನ್‌ಗಳ ಒಂದು ಮೆತ್ತನೆಯ ಹಾಸು ಹಾಕುತ್ತವೆ, ಅದರ ಮೇಲೆ ಖನಿಜದ ಹರಳು ಬೆಳೆಸುತ್ತವೆ, ಕೊನೆಗೆ ಆ ಪ್ರೋಟೀನನ್ನು ಕತ್ತರಿಸಿ ತೆಗೆದುಹಾಕುತ್ತವೆ. ಹಲ್ಲು ವಸಡು ಸೀಳಿ ಹೊರಬರುವ ಹೊತ್ತಿಗೆ ಈ ಕೋಶಗಳು ಸತ್ತಿರುತ್ತವೆ. ಅದಕ್ಕೇ ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಹಾಸು ಹಾಕುವ ಅಮೆಲೋಜೆನಿನ್, ಎನಾಮೆಲಿನ್‌ನಂಥ ಪ್ರೋಟೀನಿಗೂ, ಅವನ್ನು ಕತ್ತರಿಸುವ ಕಿಣ್ವಗಳಿಗೂ ಒಂದೊಂದು ಜೀನ್ ಇದೆ. ಆ ಜೀನ್‌ಗಳಲ್ಲಿ ಜನರಿಂದ ಜನರಿಗೆ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಹಾಗಾಗಿ ಒಬ್ಬರ ಎನಾಮೆಲ್ ಸ್ವಲ್ಪ ದಪ್ಪ, ಇನ್ನೊಬ್ಬರದ್ದು ಸ್ವಲ್ಪ ಪೊಳ್ಳು. ದವಡೆ ಹಲ್ಲಿನ ಮೇಲಿನ ಗೀರು ಎಷ್ಟು ಆಳ ಅನ್ನುವುದರಲ್ಲೂ ಜೀನ್‌ನ ಕೈ ಇದೆ. ಆಳವಾದ ಗೀರಿನೊಳಗೆ ಬ್ರಷ್ಷಿನ ಕೂದಲು ಇಳಿಯುವುದೇ ಇಲ್ಲ.

ಎಂಜಲು ಎಷ್ಟು ಊರುತ್ತದೆ, ಆಮ್ಲವನ್ನು ಎಷ್ಟು ಚೆನ್ನಾಗಿ ತಣಿಸುತ್ತದೆ ಅನ್ನುವುದೂ ಹುಟ್ಟಿನಿಂದ ಒಂದಿಷ್ಟು ನಿರ್ಧಾರ ಆಗಿರುತ್ತದೆ. ನಾಲಿಗೆಯ ರುಚಿಗೂ ಜೀನ್ ಇದೆ. ಎಲೆಕೋಸಿನಂಥ ತರಕಾರಿಯಲ್ಲಿರುವ ಒಂದು ಬಗೆಯ ಕಹಿ ಕೆಲವು ಮಕ್ಕಳಿಗೆ ಉಳಿದವರಿಗಿಂತ ಜೋರಾಗಿ ಗೊತ್ತಾಗುತ್ತದೆ. ಇಂಥ ರುಚಿಯ ಜೀನ್‌ಗಳಿಗೂ ಹುಳುಕಿಗೂ ನಂಟು ಕಂಡುಬಂದ ಅಧ್ಯಯನಗಳಿವೆ. ನೋಡಿ, ಇಲ್ಲಿ ಜೀನ್ ಹಲ್ಲನ್ನು ಮುಟ್ಟುವುದೇ ಇಲ್ಲ. ಮಗು ಯಾವ ಡಬ್ಬಿಗೆ ಕೈ ಹಾಕುತ್ತದೆ ಅನ್ನುವುದನ್ನು ಮಾತ್ರ ಬದಲಿಸುತ್ತದೆ.

ಇವುಗಳಲ್ಲಿ ಯಾವ ಒಂದು ಜೀನ್‌ನ ಪ್ರಭಾವವೂ ದೊಡ್ಡದಲ್ಲ. ಲಕ್ಷಾಂತರ ಜನರ ಮಾಹಿತಿ ಒಟ್ಟುಹಾಕಿ 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಹುಳುಕಿಗೆ ಸಂಬಂಧಿಸಿದ 47 ಹೊಸ ಜಾಗಗಳನ್ನು ನಮ್ಮ ಡಿಎನ್ಎಯಲ್ಲಿ ಗುರುತಿಸಿತು. ಒಂದೊಂದರ ಪಾಲೂ ತೀರಾ ಚಿಕ್ಕದು. ಹಾಗಾಗಿ ಎಂಜಲು ತೆಗೆದುಕೊಂಡು "ನಿಮ್ಮ ಮಗುವಿಗೆ ಹುಳುಕಾಗುತ್ತದೆ" ಅಂತ ಹೇಳಿಬಿಡುವ ಜೀನ್ ಟೆಸ್ಟನ್ನು ನಂಬಿ ದುಡ್ಡು ಕೊಡಬೇಡಿ.

ಅವಳಿಗಳು ಹೇಳಿದ್ದು

ಜೀನ್‌ನ ಪಾಲನ್ನು ಅಳೆಯಲು ವಿಜ್ಞಾನಿಗಳು ಅವಳಿಗಳ ಮೊರೆ ಹೋಗುತ್ತಾರೆ. ತದ್ರೂಪಿ ಅವಳಿಗಳ ಜೀನ್ ಹೆಚ್ಚುಕಡಿಮೆ ಪೂರ್ತಿ ಒಂದೇ. ತದ್ರೂಪಿಯಲ್ಲದ ಅವಳಿಗಳಿಗೆ ಉಳಿದ ಅಣ್ಣತಮ್ಮಂದಿರಷ್ಟೇ ಹೋಲಿಕೆ. ಎರಡು ಥರದ ಜೋಡಿಗಳೂ ಬೆಳೆಯುವುದು ಒಂದೇ ಮನೆಯಲ್ಲಿ. ತದ್ರೂಪಿಗಳ ಹಲ್ಲು ಒಂದಕ್ಕೊಂದು ಜಾಸ್ತಿ ಹೋಲುತ್ತಿದ್ದರೆ ಆ ಹೆಚ್ಚುವರಿ ಹೋಲಿಕೆ ಜೀನ್‌ನಿಂದ ಬಂದದ್ದು ಅಂತ ಲೆಕ್ಕ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಶುರುವಾದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹುಟ್ಟಿದ ಸ್ವಲ್ಪ ದಿನದಲ್ಲೇ ಬೇರೆಯಾಗಿ, ಬೇರೆ ಬೇರೆ ಮನೆಯಲ್ಲಿ ಬೆಳೆದ ಅವಳಿಗಳನ್ನು ಹುಡುಕಿ ಪರೀಕ್ಷಿಸಿದರು, ಹಲ್ಲನ್ನೂ ನೋಡಿದರು. ತದ್ರೂಪಿ ಜೋಡಿಗಳಲ್ಲಿ ಹುಳುಕಿನ ಪ್ರಮಾಣ ಎದ್ದುಕಾಣುವಷ್ಟು ಹೋಲುತ್ತಿತ್ತು. ಬ್ರೆಜಿಲ್‌ನ ಅವಳಿ ಮಕ್ಕಳ ಅಧ್ಯಯನಗಳಲ್ಲೂ ಜೀನ್‌ನ ಪಾಲು ಸುಮಾರು ಅರ್ಧದಷ್ಟು ಅಂತ ಬಂತು.

ಆದರೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತಾಯಿಯ ಹೊಟ್ಟೆಯಲ್ಲಿದ್ದಾಗಿನಿಂದ ಗಮನಿಸುತ್ತ ಬಂದ ಅವಳಿಗಳಲ್ಲಿ 173 ಜೋಡಿಗಳ ಹಲ್ಲನ್ನು ಆರನೇ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಬೇರೆಯದೇ ಚಿತ್ರ ಸಿಕ್ಕಿತು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಜೀನ್‌ಗಿಂತ ಪರಿಸರದ ಪ್ರಭಾವವೇ ಮುಂದಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಸೇರಿಸದ ಊರಿನಲ್ಲಿ ಬೆಳೆದದ್ದು (ಮಿತಿಯಲ್ಲಿದ್ದರೆ ಅದೇ ಫ್ಲೋರೈಡ್ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ), ಗರ್ಭಿಣಿಯಾಗಿದ್ದಾಗ ತಾಯಿಗೆ ಬೊಜ್ಜು ಇದ್ದದ್ದು ಹುಳುಕಿನ ಜೊತೆ ತಳಕು ಹಾಕಿಕೊಂಡಿದ್ದವು.

ಯಾರು ಸರಿ? ಇಬ್ಬರೂ. ವಂಶದ ಪಾಲು "ಶೇ. 50" ಅಂದಾಗ ನಮ್ಮ ಮಗುವಿನ ಹುಳುಕಿನಲ್ಲಿ ಅರ್ಧ ಜೀನ್‌ನದ್ದು, ಅರ್ಧ ಚಾಕೊಲೇಟಿನದ್ದು ಅಂತ ಓದಿಕೊಳ್ಳುತ್ತೇವೆ. ಆ ಅಂಕಿಯ ಅರ್ಥ ಅದಲ್ಲ. ಒಂದು ಗುಂಪಿನಲ್ಲಿ ಜನರ ನಡುವೆ ಇರುವ ವ್ಯತ್ಯಾಸದಲ್ಲಿ ಎಷ್ಟು ಭಾಗ ಜೀನ್‌ನ ವ್ಯತ್ಯಾಸದಿಂದ ಬಂದಿದೆ ಅನ್ನುವುದನ್ನು ಅದು ಹೇಳುತ್ತದೆ. ಒಂದೇ ಹೊಲಕ್ಕೆ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು ನಾಲ್ಕು ತಳಿಯ ರಾಗಿ ಬಿತ್ತಿ. ತೆನೆಯಲ್ಲಿ ಕಾಣುವ ವ್ಯತ್ಯಾಸ ಪೂರ್ತಿ ಬೀಜದ್ದೇ. ಅದೇ ಬೀಜವನ್ನು ನೀರಾವರಿ ಹೊಲದಲ್ಲೂ ಕಲ್ಲು ಬರಡಿನಲ್ಲೂ ಬಿತ್ತಿ. ಈಗ ಹೊಲದ ವ್ಯತ್ಯಾಸವೇ ದೊಡ್ಡದಾಗಿ ಕಾಣುತ್ತದೆ. ಬೀಜ ಬದಲಾಗಿಲ್ಲ, ಲೆಕ್ಕ ಬದಲಾಯಿತು. ಇನ್ನೂ ಒಂದು ಮಾತು. ತೆನೆಯ ವ್ಯತ್ಯಾಸವೆಲ್ಲ ಬೀಜದ್ದೇ ಆಗಿರುವ ಹೊಲಕ್ಕೂ ಗೊಬ್ಬರ ಹೆಚ್ಚು ಕೊಟ್ಟರೆ ಎಲ್ಲ ತಳಿಯ ಬೆಳೆಯೂ ಹೆಚ್ಚುತ್ತದೆ. ವಂಶದ ಪಾಲು ಎಷ್ಟೇ ಇರಲಿ, ಆರೈಕೆಯಿಂದ ಸುಧಾರಣೆ ಆಗುವುದಿಲ್ಲ ಅಂತ ಅದು ಹೇಳುವುದೇ ಇಲ್ಲ.

ಆಸ್ಟ್ರೇಲಿಯಾದ ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತಲೂ ಮುಖ್ಯ ಅನಿಸುತ್ತದೆ. 5ರಿಂದ 11 ವರ್ಷದ 485 ಅವಳಿ ಜೋಡಿಗಳ ಬಾಯಿಯ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಬಾಯಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಸುತ್ತವೆ ಅನ್ನುವುದರಲ್ಲಿ ಜೀನ್‌ನ ಪಾತ್ರ ಇದೆ. ಆದರೆ ವಂಶದ ಹಿಡಿತ ಬಲವಾಗಿರುವ ಬ್ಯಾಕ್ಟೀರಿಯಾಗಳು ಹುಳುಕು ತರುವಂಥವಲ್ಲ. ಸಕ್ಕರೆ ತಿಂದಷ್ಟೂ ಹೆಚ್ಚುವ, ಹುಳುಕಿನ ಜೊತೆ ಕಾಣಿಸುವ ಬ್ಯಾಕ್ಟೀರಿಯಾಗಳ ಮೇಲೆ ವಂಶದ ಹಿಡಿತ ಕಡಿಮೆ. ಅಂದರೆ ಕಾಯಿಲೆ ತರುವ ಗುಂಪು ನಮ್ಮ ಕೈಗೆ ಸಿಗುವ ಜಾಗದಲ್ಲೇ ಇದೆ.

ಇದಕ್ಕೊಂದು ಅಪರೂಪದ ಸಾಕ್ಷಿ ಇದೆ. ಹಣ್ಣಿನ ಸಕ್ಕರೆಯನ್ನು ಅರಗಿಸಿಕೊಳ್ಳಲಾಗದ ಒಂದು ಆನುವಂಶಿಕ ಕಾಯಿಲೆಯನ್ನು ವೈದ್ಯರು 1956ರಲ್ಲಿ ಮೊದಲು ವಿವರಿಸಿದರು. ಪಿತ್ತಜನಕಾಂಗದ ಒಂದು ಕಿಣ್ವದ ಜೀನ್ ಕೆಟ್ಟಿರುತ್ತದೆ. ಸಕ್ಕರೆ, ಬೆಲ್ಲ, ಹಣ್ಣು, ಜೇನು ಯಾವುದು ತಿಂದರೂ ಈ ಮಕ್ಕಳಿಗೆ ವಾಂತಿ, ಸುಸ್ತು. ಚಿಕ್ಕಂದಿನಲ್ಲೇ ಸಿಹಿ ಕಂಡರೆ ದೂರ ಓಡುತ್ತಾರೆ. ಅನ್ನ, ಆಲೂಗಡ್ಡೆ ಧಾರಾಳವಾಗಿ ತಿನ್ನುತ್ತಾರೆ. ಇಂಥವರ ಬಾಯಿ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಜನಕ್ಕೆ ಒಂದೂ ಹುಳುಕು ಹಲ್ಲಿರಲಿಲ್ಲ. ಹಲ್ಲನ್ನು ಇಷ್ಟು ಚೆನ್ನಾಗಿ ಕಾಯುವ ಈ ಜೀನ್ ಎನಾಮೆಲ್‌ಗೆ ಏನೂ ಮಾಡಿಲ್ಲ. ತಟ್ಟೆಯಿಂದ ಸಕ್ಕರೆಯನ್ನು ದೂರ ಇಟ್ಟಿದೆ, ಅಷ್ಟೇ.

ವಸಡಿನ ಕಥೆ ಬೇರೆ

ಹುಳುಕಿನಲ್ಲಿ ಆಮ್ಲ ಹಲ್ಲನ್ನು ಕರಗಿಸುತ್ತದೆ. ವಸಡಿನ ಕಾಯಿಲೆಯಲ್ಲಿ ಹಾನಿ ಮಾಡುವುದು ಬಹುಮಟ್ಟಿಗೆ ನಮ್ಮದೇ ದೇಹದ ರೋಗನಿರೋಧಕ ಪಡೆ. ಪ್ಲಾಕ್ ವಸಡಿನ ಅಂಚಿನಲ್ಲಿ ಕೂತಾಗ ದೇಹ ಅದರ ಮೇಲೆ ದಾಳಿ ಮಾಡುತ್ತದೆ. ವಸಡು ಕೆಂಪಾಗಿ ಊದಿಕೊಂಡು, ಉಜ್ಜಿದರೆ ರಕ್ತ ಬರುತ್ತದೆ. ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ, ಚೆನ್ನಾಗಿ ಉಜ್ಜಿದರೆ ಹೋಗುತ್ತದೆ. ಈ ಕಾದಾಟ ಜೋರಾಗಿ ಹಲ್ಲನ್ನು ಹಿಡಿದಿಟ್ಟ ಮೂಳೆಯನ್ನೇ ತಿನ್ನಲು ಶುರುವಾದರೆ ಅದು ಪೆರಿಯೊಡಾಂಟೈಟಿಸ್. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ.

ಯಾರಿಗೆ ಮೂಳೆವರೆಗೂ ಹೋಗುತ್ತದೆ ಅನ್ನುವುದರಲ್ಲಿ ಹುಟ್ಟಿನ ಗುಣ ಎಷ್ಟು ದೊಡ್ಡದು ಅನ್ನುವುದಕ್ಕೆ ಶ್ರೀಲಂಕಾದ ಚಹಾ ತೋಟಗಳ ಅಧ್ಯಯನ ಸಾಕ್ಷಿ. ನಾರ್ವೆ ಮೂಲದ ಸಂಶೋಧಕ ಹೆರಾಲ್ಡ್ ಲೋ ಮತ್ತು ಜೊತೆಗಾರರು 1970ರಿಂದ 15 ವರ್ಷ ಅಲ್ಲಿನ 480 ತಮಿಳು ಕೂಲಿ ಕಾರ್ಮಿಕರ ಬಾಯಿಯನ್ನು ಗಮನಿಸಿದರು. ಶುರುವಿನಲ್ಲಿ ಅವರ ವಯಸ್ಸು 14ರಿಂದ 31. ಹಲ್ಲುಜ್ಜುವ ಅಭ್ಯಾಸ ಇರಲಿಲ್ಲ, ಹಲ್ಲಿನ ಡಾಕ್ಟರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಪ್ಲಾಕ್, ಎಲ್ಲರ ವಸಡೂ ಊದಿತ್ತು. ಆದರೂ ಶೇ. 8ರಷ್ಟು ಜನರಲ್ಲಿ ಮೂಳೆ ವೇಗವಾಗಿ ಕರಗಿತು, ಶೇ. 81 ಜನರಲ್ಲಿ ನಿಧಾನವಾಗಿ. ಉಳಿದ ಶೇ. 11 ಜನರಲ್ಲಿ ಕಾಯಿಲೆ ವಸಡಿನಿಂದ ಆಚೆ ದಾಟಲೇ ಇಲ್ಲ. ಬದುಕು ಒಂದೇ, ಊಟ ಒಂದೇ, ಕೊಳೆಯೂ ಒಂದೇ. ಇಂಥ ಕಡೆ ಒಳಗಿನ ವ್ಯತ್ಯಾಸ ಎದ್ದು ಕಾಣುತ್ತದೆ.

ಮಕ್ಕಳಲ್ಲಿ ಇಂಥ ವೇಗದ ಕಾಯಿಲೆ ಕಡಿಮೆ. ಬಂದರೆ ಸಾಮಾನ್ಯವಾಗಿ ಹರೆಯದ ಹೊಸ್ತಿಲಲ್ಲಿ, ಮೊದಲ ಶಾಶ್ವತ ದವಡೆ ಹಲ್ಲು ಮತ್ತು ಮುಂದಿನ ಬಾಚಿ ಹಲ್ಲುಗಳ ಸುತ್ತ ಬರುತ್ತದೆ. ವಸಡು ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಹಲ್ಲು ಅಲ್ಲಾಡುತ್ತದೆ, ಮುಂದಿನ ಹಲ್ಲುಗಳ ನಡುವೆ ಸಂದು ಬಿಡುತ್ತದೆ. ಅಣ್ಣತಮ್ಮಂದಿರಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವ ಸಾಧ್ಯತೆ ಜಾಸ್ತಿ. ಇಲ್ಲೂ ಬರೀ ನಮ್ಮ ಜೀನ್ ಅಂತ ಹೇಳಿ ಮುಗಿಸುವ ಹಾಗಿಲ್ಲ. ಮೊರಾಕ್ಕೊ ದೇಶದ ಹದಿಹರೆಯದವರ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ಬ್ಯಾಕ್ಟೀರಿಯಾದ ಜೆಪಿ2 ಅನ್ನುವ ತಳಿ ಬಾಯಲ್ಲಿದ್ದವರಿಗೆ ಈ ಕಾಯಿಲೆಯ ಅಪಾಯ ಸುಮಾರು 18 ಪಟ್ಟು. ಆ ತಳಿಯ ಡಿಎನ್ಎಯಿಂದ ಒಂದು ತುಂಡು ಹಾರಿಹೋಗಿದೆ. ಅದರಿಂದಾಗಿ ಅದು ನಮ್ಮ ಬಿಳಿ ರಕ್ತಕಣಗಳನ್ನು ಕೊಲ್ಲುವ ವಿಷವನ್ನು ವಿಪರೀತ ತಯಾರಿಸುತ್ತದೆ. ಮನೆಮಂದಿಯ ನಡುವೆ ಹರಡಿದರೆ ನೋಡುವವರಿಗೆ ವಂಶದ ಕಾಯಿಲೆಯಂತೆಯೇ ಕಾಣುತ್ತದೆ. ಕೆಟ್ಟಿರುವ ಜೀನ್ ಬ್ಯಾಕ್ಟೀರಿಯಾದ್ದು, ಮನುಷ್ಯರದ್ದಲ್ಲ.

ಒಂದೇ ಜೀನ್ ಎಲ್ಲವನ್ನೂ ನಿರ್ಧರಿಸಿದಾಗ

ಈಗ ಆ ಕೆಲವೇ ಮಕ್ಕಳ ಮಾತು. 1924ರಲ್ಲಿ ಪಾಪಿಯೋನ್ ಮತ್ತು ಲಫೆವ್ರ್ ಅನ್ನುವ ಇಬ್ಬರು ಫ್ರೆಂಚ್ ವೈದ್ಯರು ವಿವರಿಸಿದ ಕಾಯಿಲೆ ಇದೆ. ಹತ್ತು ಲಕ್ಷಕ್ಕೆ ಒಬ್ಬರಿಂದ ನಾಲ್ವರಿಗೆ ಬರುವಂಥದ್ದು. ಹಾಲುಹಲ್ಲು ಎಲ್ಲರಿಗೂ ಬರುವ ಸಮಯಕ್ಕೇ, ಚೆನ್ನಾಗಿಯೇ ಬರುತ್ತದೆ. ಆಮೇಲೆ ವಸಡು ಕೆಂಪಗೆ ಊದಿ ಕೀವಾಗುತ್ತದೆ. ನಾಲ್ಕೈದು ವರ್ಷಕ್ಕೆ ಹಾಲುಹಲ್ಲೆಲ್ಲ ಅಲ್ಲಾಡಿ ಬಿದ್ದುಹೋಗುತ್ತದೆ. ಹಲ್ಲು ಬಿದ್ದ ಮೇಲೆ ವಸಡು ತಾನಾಗಿ ವಾಸಿಯಾಗುತ್ತದೆ. ಶಾಶ್ವತ ಹಲ್ಲು ಬಂದಾಗ ಮತ್ತೆ ಅದೇ ಪಾಡು. ಹದಿನೈದು ಹದಿನಾರಕ್ಕೆ ಹಲ್ಲೇ ಇಲ್ಲದ ಬಾಯಿ. ಈ ಮಗುವಿನ ಅಂಗೈ, ಅಂಗಾಲು ನೋಡಿ. ಚರ್ಮ ದಪ್ಪಗಾಗಿ, ಒರಟಾಗಿ, ಬಿರುಕು ಬಿಟ್ಟಿರುತ್ತದೆ. ಚರ್ಮದ ಡಾಕ್ಟ್ರಿಗೆ ಅಂಗೈ ತೋರಿಸಿ, ಹಲ್ಲಿನ ಡಾಕ್ಟ್ರಿಗೆ ಬಾಯಿ ತೋರಿಸಿ, ಎರಡನ್ನೂ ಯಾರೂ ಜೋಡಿಸದೆ ವರ್ಷಗಳು ಕಳೆದುಹೋಗುವುದುಂಟು. ಕಾರಣವಾದ ಜೀನ್ 11ನೇ ಕ್ರೋಮೋಸೋಮಿನಲ್ಲಿದೆ, 1999ರಲ್ಲಿ ಪತ್ತೆಯಾಯಿತು.

ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ಕಾಯಿಲೆ. ಅವರಿಬ್ಬರ ಹಲ್ಲೂ ಚೆನ್ನಾಗಿಯೇ ಇರುತ್ತದೆ. "ನಮ್ಮ ಮನೇಲಿ ಯಾರಿಗೂ ಇಲ್ಲ" ಅನ್ನುವುದು ವಂಶದ ಕಾಯಿಲೆ ಅಲ್ಲ ಅನ್ನುವುದಕ್ಕೆ ಪುರಾವೆ ಆಗುವುದಿಲ್ಲ. ಗಂಡ ಹೆಂಡತಿ ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಕರ್ನಾಟಕದಲ್ಲಿ ಇದನ್ನು ನೇರವಾಗಿ ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮಲ್ಲಿ ನಾಲ್ಕು ಮದುವೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಂಬಂಧದೊಳಗೇ ಆಗುತ್ತವೆ. ಸೋದರಮಾವ, ಅತ್ತೆಯ ಮಗ, ಮಾವನ ಮಗಳು. ಇಂಥ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮಗುವಿನ ಹಲ್ಲು ವಿಚಿತ್ರವಾಗಿ ಬೀಳುತ್ತಿದ್ದರೆ ಡಾಕ್ಟ್ರಿಗೆ ಈ ಸಂಬಂಧವನ್ನು ಹೇಳಿ, ಸಂಕೋಚ ಬೇಡ. ಅವರು ಕೇಳುವುದು ದೂರುವುದಕ್ಕಲ್ಲ.

ಎನಾಮೆಲ್‌ನ ಜೀನ್ ಪೂರ್ತಿ ಕೆಟ್ಟಾಗ ಬರುವುದು ಅಮೆಲೋಜೆನೆಸಿಸ್ ಇಂಪರ್ಫೆಕ್ಟಾ. ಬಂದ ಹಲ್ಲೆಲ್ಲ ಹಳದಿ ಅಥವಾ ಕಂದು, ತೆಳು, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ. ಮನೆಯವರು ಹುಳುಕು ಅಂದುಕೊಂಡು ಮಗುವಿಗೆ "ಸರಿಯಾಗಿ ಉಜ್ಜಲ್ಲ" ಅಂತ ಬೈಯುತ್ತಾರೆ. ಅಮೆಲೋಜೆನಿನ್‌ನ ಮುಖ್ಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ, ಅದು ಕೆಟ್ಟ ಗಂಡುಮಕ್ಕಳ ಹಲ್ಲು ಪೂರ್ತಿ ತೆಳುವಾಗುತ್ತದೆ. ಹೆಣ್ಣುಮಕ್ಕಳಿಗೆ ಎರಡು ಎಕ್ಸ್ ಇದ್ದು ಒಂದೊಂದು ಕೋಶದಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಹಾಗಾಗಿ ಅವರ ಹಲ್ಲಿನ ಮೇಲೆ ಒಳ್ಳೆಯ ಎನಾಮೆಲ್ ಮತ್ತು ಕೆಟ್ಟ ಎನಾಮೆಲ್‌ನ ಉದ್ದುದ್ದ ಪಟ್ಟೆಗಳು ಕಾಣುತ್ತವೆ. ಬ್ಯಾಟರಿ ಹಿಡಿದು ನೋಡಿದರೆ ಅಡುಗೆಮನೆಯಲ್ಲೇ ಕಾಣುವಷ್ಟು ಸ್ಪಷ್ಟ. ಈ ಮಕ್ಕಳ ಹಲ್ಲಿಗೆ ಬೇಗ ಕ್ಯಾಪ್ ಹಾಕಿಸಿದರೆ ಸವೆಯುವುದು ನಿಲ್ಲುತ್ತದೆ. ತಿಂಗಳುಗಟ್ಟಲೆ ಬೈಸಿಕೊಂಡ ಮಗುವಿಗೆ ಅದು ತನ್ನ ತಪ್ಪಲ್ಲ ಅಂತ ದೊಡ್ಡವರು ಬಾಯಿಬಿಟ್ಟು ಹೇಳಬೇಕು.

ಮನೆಯಲ್ಲಿ ಏನು ಮಾಡಬೇಕು

ಅಪ್ಪ ಅಮ್ಮನ ಹಲ್ಲು ಹಾಳಾಗಿದ್ದರೆ ಮಗುವಿಗೆ ಅಪಾಯ ಜಾಸ್ತಿ. ಕಾರಣ ಜೀನೋ, ಬ್ಯಾಕ್ಟೀರಿಯಾವೋ, ಅಡುಗೆಮನೆಯೋ, ಮಾಡಬೇಕಾದ ಕೆಲಸ ಒಂದೇ. ಬೇಗ ಶುರು ಮಾಡುವುದು. ಹೊಸ ಮಗು ಬರುವ ಮೊದಲೇ ದೊಡ್ಡವರು ತಮ್ಮ ಹುಳುಕಿಗೆ ಫಿಲ್ಲಿಂಗ್ ಮಾಡಿಸಿಕೊಳ್ಳಲಿ. ಮೊದಲ ಹಲ್ಲು ಬಂದ ದಿನದಿಂದಲೇ ಉಜ್ಜಬೇಕು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಫ್ಲೋರೋಸಿಸ್ ಇರುವ ಊರಾದರೆ ಮೊದಲು ನೀರು ಪರೀಕ್ಷೆ ಮಾಡಿಸಿ, ಡಾಕ್ಟ್ರನ್ನು ಕೇಳಿ. ಮಲಗುವಾಗ ಬಾಟಲಿ ಬೇಡ. ಸಿಹಿ ಕೊಡುವುದಾದರೆ ಊಟದ ಜೊತೆ ಕೊಡಿ, ನಡುನಡುವೆ ಬೇಡ.

ತಿಂಗಳಿಗೊಮ್ಮೆ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಮೇಲ್ದುಟಿ ಎತ್ತಿ ನೋಡಿ. ವಸಡಿನ ಅಂಚಿಗೆ ಹಲ್ಲಿನ ಮೇಲೆ ಹೊಳಪಿಲ್ಲದ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗಿದೆ ಅಂತ ಅರ್ಥ. ಆ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚಿಸಿದರೆ, ಸಿಹಿ ಕಡಿಮೆ ಮಾಡಿದರೆ ಅದು ನಿಲ್ಲುತ್ತದೆ, ವಾಪಸ್ ಸರಿಹೋಗಲೂಬಹುದು. ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂಬದಿಯಲ್ಲಿ ಬರುವ ದವಡೆ ಹಲ್ಲನ್ನು ಬಿದ್ದು ಹುಟ್ಟುವ ಹಾಲುಹಲ್ಲು ಅಂತ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು. ಗೀರು ಆಳವಾಗಿದ್ದರೆ ಅದನ್ನು ಮುಚ್ಚುವ ತೆಳು ಲೇಪ, ಅಂದರೆ ಸೀಲೆಂಟ್, ಹಾಕಿಸಬಹುದು.

ಹಾಲುಹಲ್ಲು ಬೀಳುವುದು ಸಾಮಾನ್ಯವಾಗಿ ಆರರ ಆಸುಪಾಸಿನಲ್ಲಿ. ಐದು ತುಂಬುವ ಮೊದಲೇ, ಎಲ್ಲೂ ಬೀಳದೆ, ಪೆಟ್ಟಾಗದೆ ಹಲ್ಲು ಉದುರಿದರೆ ಅದನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಮೊದಲು ತಿರುಗಿಸಿ ನೋಡಿ. ವಯಸ್ಸಿಗೆ ಸರಿಯಾಗಿ ಬಿದ್ದ ಹಲ್ಲಿಗೆ ಬೇರು ಇರುವುದಿಲ್ಲ, ಕೆಳಗಿನ ಹಲ್ಲು ಬರುವಾಗ ಕರಗಿಹೋಗಿರುತ್ತದೆ. ಪೂರ್ತಿ ಬೇರಿನ ಸಮೇತ ಬಿದ್ದಿದ್ದರೆ ಹೈಪೋಫಾಸ್ಫಟೇಸಿಯಾ ಅನ್ನುವ ಆನುವಂಶಿಕ ಕಾಯಿಲೆ ಇರಬಹುದು. ಮೂಳೆ, ಹಲ್ಲು ಎರಡನ್ನೂ ದುರ್ಬಲ ಮಾಡುವ ಕಾಯಿಲೆ ಅದು, ಮತ್ತು ಕೆಲವು ಮಕ್ಕಳಲ್ಲಿ ಅದರ ಮೊದಲ ಸುಳಿವೇ ಈ ಹಲ್ಲು. ಹಲ್ಲನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಡಾಕ್ಟ್ರ ಹತ್ತಿರ ಹೋಗಿ, ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಷ್ಟಿದೆ ಅಂತ ನೋಡಲು ಹೇಳಿ. ಸಾಧಾರಣ ಲ್ಯಾಬಿನಲ್ಲೂ ಆಗುವ ಪರೀಕ್ಷೆ ಅದು. ಆ ಕಾಯಿಲೆಯಲ್ಲಿ ಅಂಕಿ ಕಡಿಮೆ ಇರುತ್ತದೆ. ವರದಿಯನ್ನು ಮಗುವಿನ ವಯಸ್ಸಿಗೆ ತಕ್ಕ ಮಟ್ಟದ ಜೊತೆ ಹೋಲಿಸಿ ನೋಡಬೇಕು. ಮಕ್ಕಳಲ್ಲಿ ಈ ಅಂಕಿ ದೊಡ್ಡವರಿಗಿಂತ ಜಾಸ್ತಿ ಇರುವುದರಿಂದ, ದೊಡ್ಡವರ ಲೆಕ್ಕದಲ್ಲಿ ನೋಡಿದರೆ ಕಡಿಮೆ ಇರುವುದೂ ಸರಿಯಾಗಿಯೇ ಇದೆ ಅನಿಸಿಬಿಡುತ್ತದೆ.